ಪಂಪಿನ ಚಕ್ರಕ್ಕೆ ಯಾವ ಲೋಹವು ಯೋಗ್ಯ?

(ವಿಜಯಪುರ ವಿಭಾಗದ ಕೃಷಿ ಇನ್ಸ್‌ಪೆಕ್ಟರರೊಬ್ಬರ ಅಭಿಪ್ರಾಯ)

ಒಕ್ಕಲಿಗನು ಸಂತೆಯಲ್ಲಿ ಎತ್ತನ್ನು ಕೊಳ್ಳುವಾಗ ಹಲ್ಲು ನೋಡುವನು, ಸುಳಿ ನೋಡುವನು, ನಾಲ್ಕು ಹೆಜ್ಜೆ ನಡೆಯಿಸಿ ಗೊರಸು ನೋಡುವನು. ಬಿತ್ತುವ ಜೋಳವನ್ನು ಅಂಗೈಯಲ್ಲಿ ಹರವಿಕೊಂಡು ಕಾಳು ಕಾಳನ್ನೂ ಪರೀಕ್ಷಿಸುವನು. ಆದರೆ ಅದೇ ಒಕ್ಕಲಿಗನು ತೋಟದ ಜೀವವೇ ಆಗಿರುವ ನೀರೆತ್ತುವ ಪಂಪನ್ನು ಕೊಳ್ಳುವಾಗ ಎರಡೇ ಮಾತು ಕೇಳುವನು: ಎಷ್ಟು ಅಶ್ವಶಕ್ತಿಯದು? ಬೆಲೆ ಎಷ್ಟು? ಪಂಪಿನ ಹೊಟ್ಟೆಯಲ್ಲಿ ತಿರುಗಿ ನೀರನ್ನು ಮೇಲಕ್ಕೆ ಎಸೆಯುವ ಚಕ್ರವು, ಅಂದರೆ ಅಂಗಡಿಯವರು ಇಂಪೆಲ್ಲರ್ ಎನ್ನುವ ಭಾಗವು, ಯಾವ ಲೋಹದ್ದೆಂದು ವಿಚಾರಿಸುವವರು ವಿರಳ. ಈ ಅಲಕ್ಷ್ಯದಿಂದ ನಮ್ಮ ತಾಲೂಕುಗಳಲ್ಲಿ ಆಗುತ್ತಿರುವ ನಷ್ಟವು ಸಣ್ಣದಲ್ಲ. ಆದಕಾರಣ ಈ ವಿಷಯವನ್ನು ಗ್ರಾಮದ ಮುಖಂಡರ ಹಾಗೂ ಜಮೀನುದಾರರ ವಿಚಾರಕ್ಕಾಗಿ ಇಲ್ಲಿ ಮಂಡಿಸುತ್ತೇನೆ.

ನಮ್ಮ ಸೀಮೆಯಲ್ಲಿ ನೀರಿನ ಕಥೆಯು ಹಳೆಯದು. ಆದಿಲಶಾಹಿ ಅರಸರು ತೊರವಿಯಿಂದ ಸುರಂಗದ ಮೂಲಕವೂ, 1651ರಲ್ಲಿ ಕಟ್ಟಿಸಿದ ಬೇಗಂ ತಲಾಬದಿಂದ ನೆಲದೊಳಗಿನ ಕೊಳವೆಗಳ ಮೂಲಕವೂ ವಿಜಯಪುರ ಪಟ್ಟಣಕ್ಕೆ ನೀರನ್ನು ತಂದರು. ಆ ನೀರು ತನ್ನ ಭಾರದಿಂದ ತಾನೇ ಇಳಿದು ಬಂದಿತು. ಅದಕ್ಕೆ ಚಕ್ರ ಬೇಕಾಗಲಿಲ್ಲ, ಸವೆಯುವ ಲೋಹವೂ ಇರಲಿಲ್ಲ. ಈಗಿನ ನೀರು ಹಾಗಲ್ಲ. ತಿಕೋಟಾದ ದ್ರಾಕ್ಷಿಯ ಬಳ್ಳಿಗೆ ನೂರಾರು ಅಡಿ ಆಳದ ಕೊಳವೆಬಾವಿಯಿಂದ ಕರಿಕಲ್ಲಿನ ಪದರಗಳನ್ನು ದಾಟಿ ನೀರು ಮೇಲೇರಬೇಕು. ಬಬಲೇಶ್ವರದ ಕಡೆಗೆ ತುಬಚಿ-ಬಬಲೇಶ್ವರ ಮತ್ತು ಮುಳವಾಡ ಏತ ನೀರಾವರಿಗಳಿಂದ ಕೃಷ್ಣೆಯ ನೀರು ಏರಿ ಬರುವದು. ಅದನ್ನು ಕೆರೆಯಿಂದಲೂ ಕಾಲುವೆಯಿಂದಲೂ ಹೊಲಕ್ಕೆ ಎತ್ತಿಕೊಳ್ಳಲು ಮತ್ತೆ ಪಂಪೇ ಬೇಕು. ಹೀಗಿರಲಾಗಿ ನಮ್ಮ ಒಕ್ಕಲುತನವೆಲ್ಲವೂ ಅಂಗೈಯಗಲದ ಒಂದು ಚಕ್ರದ ಮೇಲೆ ನಿಂತಿದೆಯೆಂದರೆ ಅತಿಶಯೋಕ್ತಿಯಲ್ಲ.

ನಷ್ಟದ ಲೆಕ್ಕ

ಹತ್ತು ಅಶ್ವಶಕ್ತಿಯವರೆಗಿನ ನೀರಾವರಿ ಪಂಪುಗಳಿಗೆ ನಮ್ಮ ರಾಜ್ಯದಲ್ಲಿ ವಿದ್ಯುತ್ತು ಉಚಿತವಾಗಿರುವದರಿಂದ, ಚಕ್ರವು ಸವೆದು ಪಂಪಿನ ಸಾಮರ್ಥ್ಯ ಕುಂದಿದರೂ ಬಿಲ್ಲಿನಲ್ಲಿ ಅದು ಕಾಣುವದಿಲ್ಲ. ಆದ್ದರಿಂದ ನಷ್ಟವೇ ಇಲ್ಲವೆಂದು ಹಲವರು ಭಾವಿಸುತ್ತಾರೆ. ಇದು ತಪ್ಪು ತಿಳಿವಳಿಕೆ. ವಿದ್ಯುತ್ತಿಗೆ ಬೆಲೆಯಿಲ್ಲದಿದ್ದರೂ ತಾಸಿಗೆ ಮಿತಿಯುಂಟು. ಮಿತಿಯುಳ್ಳ ತಾಸುಗಳಲ್ಲಿ ಕಡಿಮೆ ನೀರು ಬಂದರೆ ಆ ಕೊರತೆಯನ್ನು ಬಳ್ಳಿಯೇ ತೆರಬೇಕಾಗುವದು.

ಒಂದು ಉದಾಹರಣೆಯನ್ನು ನೋಡೋಣ. ಏಳೂವರೆ ಅಶ್ವಶಕ್ತಿಯೆಂದರೆ ಸುಮಾರು 5,600 ವ್ಯಾಟ್. ನೀರನ್ನು 150 ಮೀಟರು, ಎಂದರೆ ಸುಮಾರು 500 ಅಡಿ ಎತ್ತಬೇಕಾಗಿದೆಯೆಂದು ಇಟ್ಟುಕೊಳ್ಳೋಣ. ಪಂಪು ತಾನು ಪಡೆದ ಶಕ್ತಿಯಲ್ಲಿ ಶೇಕಡಾ 60ನ್ನು ನೀರಿಗೆ ಕೊಟ್ಟರೆ, ಏಳು ತಾಸಿನಲ್ಲಿ 57,600 ಲೀಟರು ನೀರು ಬರುವದು. ಚಕ್ರವು ಸವೆದು, ಅಂಚಿನ ಸಂದು ಹಿಗ್ಗಿ, ಎತ್ತಿದ ನೀರು ಮತ್ತೆ ಒಳಗೇ ಹಿಂದಿರುಗಿ, ಈ ಪ್ರಮಾಣವು ಶೇಕಡಾ 45ಕ್ಕೆ ಇಳಿದರೆ ಅದೇ ಏಳು ತಾಸಿಗೆ 43,200 ಲೀಟರು ಮಾತ್ರ. ದಿನವೊಂದಕ್ಕೆ 14,400 ಲೀಟರಿನ ಕೊರತೆ! ಬರಗಾಲದಲ್ಲಿ ಟ್ಯಾಂಕರಿನಿಂದ ನೀರು ಕೊಂಡು ದ್ರಾಕ್ಷಿಯನ್ನು ಉಳಿಸಿಕೊಂಡ ತಿಕೋಟಾದ ತೋಟಗಾರರಿಗೆ ಈ ಅಂಕಿಯ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ. ಏಪ್ರಿಲ್ ತಿಂಗಳ ಚಾಟ್ನಿಯಾದ ಮೇಲೆ ಹೊಸ ಚಿಗುರು ಬರುವ ಕಾಲಕ್ಕೇ ಬಿಸಿಲೂ ಹೆಚ್ಚು, ನೀರಿನ ಮಟ್ಟವೂ ಕೆಳಗೆ. ಆಗ ಪಂಪು ಸೋತರೆ ಮುಂದಿನ ಸುಗ್ಗಿಯೇ ಸೋತಂತೆ.

ಮೊದಲು ನೀರಿನ ಪರೀಕ್ಷೆ

ಯಾವ ಲೋಹವು ಉತ್ತಮವೆಂದು ಕೇಳುವದಕ್ಕಿಂತ ಮುಂಚೆ ನಮ್ಮ ನೀರು ಎಂಥದೆಂದು ಕೇಳತಕ್ಕದ್ದು. ಎಲ್ಲ ನೀರಿಗೂ ಒಪ್ಪುವ ಲೋಹವೊಂದು ಇಲ್ಲ. ಭಾರತೀಯ ಮಾನಕ ಸಂಸ್ಥೆಯವರು ಕೊಳವೆಬಾವಿಯ ಸಬ್‌ಮರ್ಸಿಬಲ್ ಪಂಪುಗಳಿಗಾಗಿ ಐ.ಎಸ್. 8034 ಎಂಬ ನಿಯಮವನ್ನೂ, ಮೊನೊಬ್ಲಾಕ್ ಪಂಪುಗಳಿಗಾಗಿ ಐ.ಎಸ್. 9079 ಎಂಬದನ್ನೂ ಮಾಡಿದ್ದಾರೆ. ಈ ಪಂಪುಗಳೆಲ್ಲ ‘ತಿಳಿಯಾದ ತಣ್ಣೀರಿ’ಗಾಗಿ ಮಾಡಿದವು. ತಿಳಿನೀರೆಂದರೆ ಕಣ್ಣಿಗೆ ತಿಳಿಯಾಗಿ ಕಂಡರೆ ಸಾಲದು, ಅದರ ಪಿ.ಎಚ್. 6.5ರಿಂದ 8.5ರ ಒಳಗಿರಬೇಕು, ಹತ್ತು ಲಕ್ಷ ಪಾಲು ನೀರಿನಲ್ಲಿ ಕ್ಲೋರೈಡು 500 ಪಾಲನ್ನೂ, ಕರಗಿದ ಒಟ್ಟು ಲವಣಾದಿಗಳು 3,000 ಪಾಲನ್ನೂ ಮೀರಬಾರದು. ಈ ಮಿತಿಯನ್ನು ದಾಟಿದ ನೀರಿನಲ್ಲಿ ಸಾಮಾನ್ಯ ಪಂಪನ್ನು ಇಳಿಸಿ, ಬೇಗನೆ ಕೆಟ್ಟಿತೆಂದು ಅಂಗಡಿಯವನನ್ನು ದೂರುವದು ನ್ಯಾಯವಲ್ಲ.

ಡೋಣಿಯ ದಂಡೆಯ ಊರುಗಳಲ್ಲಿ ನೀರು ಸವಳೆಂಬುದು ಎಲ್ಲರಿಗೂ ಗೊತ್ತಿದ್ದ ಮಾತು. ಆದರೆ ನಾಲಗೆಗೆ ಸಪ್ಪೆಯೆನಿಸಿದ ನೀರಿನಲ್ಲಿಯೂ ಲೋಹವನ್ನು ತಿನ್ನುವಷ್ಟು ಲವಣವಿರಬಹುದು. ಹಿಟ್ಟಿನಹಳ್ಳಿಯ ಕೃಷಿ ವಿಜ್ಞಾನ ಕೇಂದ್ರಕ್ಕೆ ಸ್ವಚ್ಛವಾದ ಬಾಟಲಿಯಲ್ಲಿ ನೀರು ಒಯ್ದು ಪರೀಕ್ಷೆ ಮಾಡಿಸತಕ್ಕದ್ದು. ಪಂಪು ಅರ್ಧ ತಾಸು ನಡೆದ ಬಳಿಕ ಹಿಡಿದ ನೀರೇ ನಿಜವಾದ ಮಾದರಿ. ಮೊದಲು ಬಂದ ನೀರು ಕೊಳವೆಯಲ್ಲಿ ನಿಂತುದಾಗಿರುವದು. ಪರೀಕ್ಷೆಗೆ ತಗಲುವ ಖರ್ಚು ಕೊಳವೆಗಳನ್ನು ಒಮ್ಮೆ ಮೇಲೆತ್ತಿಸುವ ಕೂಲಿಯ ಮುಂದೆ ಏನೂ ಅಲ್ಲ.

ಲೋಹಗಳ ಗುಣದೋಷಗಳು

ಬೀಡು. ಇದು ಎಲ್ಲಕ್ಕಿಂತ ಹಳೆಯದು. ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ 1869ರಲ್ಲಿ ಹುಟ್ಟಿದ ಲಕ್ಷ್ಮಣರಾವ್ ಕಿರ್ಲೋಸ್ಕರರು 1910ರಲ್ಲಿ ಕಿರ್ಲೋಸ್ಕರವಾಡಿಯಲ್ಲಿ ಕಾರಖಾನೆಯನ್ನು ಸ್ಥಾಪಿಸಿ, ಮೊದಲು ನೇಗಿಲನ್ನೂ 1926ರಿಂದ ಪಂಪನ್ನೂ ಮಾಡಿದ ಕಾಲದಿಂದ ನಮ್ಮ ಸೀಮೆಗೆ ಬೀಡಿನ ಪರಿಚಯವಿದೆ. ಬೆಲೆ ಕಡಿಮೆ, ಗಟ್ಟಿತನ ಸಾಕಷ್ಟು. ಸಿಹಿನೀರಿನ ಬಾವಿಯಲ್ಲಿ ವರ್ಷಾನುಗಟ್ಟಲೆ ದುಡಿಯುವದು. ಆದರೆ ತುಕ್ಕು ಇದರ ಹುಟ್ಟುಗುಣ. ಮಳೆಗಾಲದಲ್ಲಿ ನಾಲ್ಕು ತಿಂಗಳು ಸುಮ್ಮನೆ ನಿಂತ ಪಂಪು ಬೇಸಿಗೆಗೆ ತಿರುಗಲೊಲ್ಲದು. ತುಕ್ಕು ಸಂದಿನಲ್ಲಿ ಬೆಳೆದು ಚಕ್ರವನ್ನು ಕಚ್ಚಿ ಹಿಡಿಯುವದು. ಸವಳು ನೀರಿನಲ್ಲಿ ಇನ್ನೂ ಕೇಡು: ಕಬ್ಬಿಣದ ಅಂಶ ಕರಗಿ ಹೋಗಿ ಕಪ್ಪು ಸೀಸದಕಡ್ಡಿಯ ಪುಡಿಯಂಥ ಅಂಶ ಮಾತ್ರ ಉಳಿಯುವದು. ಆಕಾರವು ಮೊದಲಿನಂತೆಯೇ ಇದ್ದರೂ ಚಾಕುವಿನಿಂದ ಕೆರೆದರೆ ಉದುರುವದು. ಹನಿ ನೀರಾವರಿ ಮಾಡಿದ ತೋಟಗಳಿಗೆ ಮತ್ತೊಂದು ಬಾಧೆಯುಂಟು. ತುಕ್ಕಿನ ಚಕ್ಕೆಗಳು ಫಿಲ್ಟರನ್ನು ತುಂಬಿ ಹನಿಯ ಬಾಯಿಗಳನ್ನು ಮುಚ್ಚುವವು.

ಹಿತ್ತಾಳೆ ಮತ್ತು ಗನ್‌ಮೆಟಲ್. ಇವೆರಡೂ ಒಂದೇ ಬಣ್ಣದವಾದುದರಿಂದ ಒಂದೇ ಎಂದು ಭ್ರಮಿಸಬಾರದು. ಗನ್‌ಮೆಟಲ್ ಕಂಚಿನ ಜಾತಿಯದು. ಪಂಪಿಗೆ ಬಳಸುವ ಸಾಮಾನ್ಯ ಗನ್‌ಮೆಟಲಿನಲ್ಲಿ ತಾಮ್ರವು ಶೇಕಡಾ 85ರಷ್ಟಿದ್ದು, ತವರ, ಸೀಸ, ಸತು ಈ ಮೂರೂ ಸುಮಾರು ಐದೈದು ಪಾಲು ಇರುವವು, ಐ.ಎಸ್. 318ರಲ್ಲಿ ಇದಕ್ಕೆ ಎಲ್.ಟಿ.ಬಿ. 2 ಎಂಬ ಗುರುತು. ಹಿತ್ತಾಳೆಯಲ್ಲಿಯಾದರೋ ಸತು ಬಹಳ. ಸತುವು ಶೇಕಡಾ 15ನ್ನು ಮೀರಿದ ಹಿತ್ತಾಳೆಯಿಂದ ಲವಣದ ನೀರು ಸತುವನ್ನಷ್ಟೇ ಹೀರಿ ತೆಗೆಯುವದು. ಹಳದಿಯ ಲೋಹವು ಕೆಂಪೇರಿ, ಒಳಗೆ ಜೇನುಗೂಡಿನಂತೆ ಟೊಳ್ಳಾಗುವದು. ಹಳೆಯ ಚಕ್ರವನ್ನು ಕೆರೆದು ನೋಡಿದಾಗ ತಾಮ್ರದ ಕೆಂಪು ತೇಪೆಗಳು ಕಂಡರೆ ಅದು ಹಿತ್ತಾಳೆಯೆಂದೂ, ಅದರ ಆಯುಷ್ಯ ಮುಗಿಯಿತೆಂದೂ ತಿಳಿಯತಕ್ಕದ್ದು. ನಿಜವಾದ ಗನ್‌ಮೆಟಲಿಗೆ ಈ ರೋಗವಿಲ್ಲ. ಅದು ತುಕ್ಕು ಹಿಡಿಯದು, ನಿಂತರೂ ಕಚ್ಚಿಕೊಳ್ಳದು, ಲೇಥಿನ ಮೇಲೆ ಸುಲಭವಾಗಿ ಕೊರೆಯಿಸಿಕೊಳ್ಳುವದು, ಕೊನೆಗೆ ತೂಕಕ್ಕೆ ಮಾರಿದರೂ ಕಾಸು ಬರುವದು. ದೋಷವೆಂದರೆ ಮೆದುತನ, ಉಸುಕು ಬೆರೆತ ನೀರು ಇದನ್ನು ಬೇಗ ಸವೆಸುವದು.

ತುಕ್ಕು ಹಿಡಿಯದ ಉಕ್ಕು, ಅಂದರೆ ಸ್ಟೇನ್‌ಲೆಸ್ ಸ್ಟೀಲ್. ಇದರಲ್ಲಿಯೂ ಜಾತಿಗಳುಂಟು. 304 ಎಂಬದರಲ್ಲಿ ಕ್ರೋಮಿಯಂ ಸುಮಾರು 18, ನಿಕಲ್ 8 ಪಾಲು. 316ರಲ್ಲಿ ಮಾಲಿಬ್ಡಿನಂ ಎಂಬ ಲೋಹವು ಎರಡು ಮೂರು ಪಾಲು ಕೂಡಿರುವದರಿಂದ ಸವಳು ನೀರಿಗೆ ಅದು ಹೆಚ್ಚು ತಾಳುವದು. 202 ಎಂಬದರಲ್ಲಿ ನಿಕಲಿನ ಒಂದು ಭಾಗವನ್ನು ತೆಗೆದು ಮ್ಯಾಂಗನೀಸನ್ನು ಸೇರಿಸಿರುವರು. ಬೆಲೆಯೂ ಕಡಿಮೆ, ತಾಳಿಕೆಯೂ ಕಡಿಮೆ. ಅಯಸ್ಕಾಂತ ಹಿಡಿದು ನೋಡಿ ಒಳ್ಳೆಯ ಸ್ಟೀಲನ್ನು ಗುರುತಿಸಬಹುದೆಂಬ ಮಾತು ಪೇಟೆಯಲ್ಲಿ ಬಳಕೆಯಲ್ಲಿದೆ, ಇದನ್ನು ನಂಬತಕ್ಕದ್ದಲ್ಲ. 202 ಕೂಡ 304ರಂತೆಯೇ ಅಯಸ್ಕಾಂತಕ್ಕೆ ಅಂಟದು. ಮೇಲಾಗಿ ತಗಡನ್ನು ಒತ್ತಿ ಮಾಡಿದ ಚೊಕ್ಕ 304ರ ಚಕ್ರವು ಕೆಲವೆಡೆ ಸ್ವಲ್ಪ ಅಂಟಲೂಬಹುದು. ಆದುದರಿಂದ ಲೋಹದ ಅಂಕೆಯನ್ನು ಪಾವತಿಯಲ್ಲಿ ಬರೆಯಿಸಿಕೊಳ್ಳುವದೊಂದೇ ಭದ್ರವಾದ ಮಾರ್ಗ. ಸ್ಟೀಲು ಉಸುಕಿಗೆ ಗನ್‌ಮೆಟಲಿಗಿಂತ ಹೆಚ್ಚು ತಾಳುವದು. ತಗಡಿನ ಚಕ್ರವು ತೆಳುವಾಗಿ, ನುಣುಪಾಗಿ ಇರುವದರಿಂದ ನೀರಿಗೆ ತಡೆಯೂ ಕಡಿಮೆ. ಆದರೆ ಒಮ್ಮೆ ಸವೆದರೆ ದುರಸ್ತಿಯಿಲ್ಲ, ಬದಲಿಸಬೇಕು. ಸುಣ್ಣದ ಅಂಶವುಳ್ಳ ನೀರಿನಿಂದ ಚಕ್ರದ ಮೇಲೆ ಬಿಳಿಯ ಹಕ್ಕಳೆ ಕಟ್ಟಿದಾಗ ಕೆಲವರು ಉಪ್ಪಿನ ಆಮ್ಲದಿಂದ ತೊಳೆಯುವರು. ಇದು ಸ್ಟೀಲಿಗೆ ವಿಷಪ್ರಾಯ. ಹುಳಿಯ ಸೌಮ್ಯ ಆಮ್ಲವೇ ಸಾಕು.

ಪ್ಲಾಸ್ಟಿಕ್. ನೋರಿಲ್ ಎಂಬ ಹೆಸರಿನಿಂದ ಬರುವ ಚಕ್ರಗಳನ್ನು ಕಂಡು ನಮ್ಮ ಹಿರಿಯ ಒಕ್ಕಲಿಗರು ಮೂಗು ಮುರಿಯುವರು. ನನ್ನ ಅಭಿಪ್ರಾಯ ಹಾಗಿಲ್ಲ. ಇದರ ತೂಕವು ಅದೇ ಗಾತ್ರದ ಗನ್‌ಮೆಟಲಿನ ಎಂಟನೆಯ ಒಂದು ಪಾಲು. ಕೊಳವೆಬಾವಿಯ ಪಂಪಿನಲ್ಲಿ ಒಂದರ ಮೇಲೊಂದು ಹಲವು ಚಕ್ರಗಳಿರುವಲ್ಲಿ ಈ ಹಗುರತನವು ಗುಣವೇ ಸರಿ. ತುಕ್ಕಿಲ್ಲ, ಸವಳಿನ ಭಯವಿಲ್ಲ, ಹಕ್ಕಳೆಯೂ ಗಟ್ಟಿಯಾಗಿ ಹಿಡಿಯದು. ಆದರೆ ಎರಡು ಶತ್ರುಗಳುಂಟು. ಒಂದು ಉಸುಕು, ಇನ್ನೊಂದು ಒಣ ಓಟ. ನೀರು ತಳಕ್ಕಿಳಿದು ಪಂಪು ಬರಿದಾಗಿ ತಿರುಗಿದರೆ ಕೆಲ ನಿಮಿಷಗಳಲ್ಲಿಯೇ ಕಾವೇರಿ ಚಕ್ರಗಳು ಮೆತ್ತಗಾಗಿ ಅಂಟಿಕೊಳ್ಳುವವು. ಬೇಸಿಗೆಯಲ್ಲಿ ನೀರು ಕಡಿದು ಕಡಿದು ಬರುವ ಬಾವಿಗೆ ಪ್ಲಾಸ್ಟಿಕ್ ಚಕ್ರ ಹಾಕುವವರು, ನೀರು ತಪ್ಪಿದೊಡನೆ ಮೋಟಾರನ್ನು ನಿಲ್ಲಿಸುವ ಡ್ರೈ ರನ್ ಉಪಕರಣವನ್ನು ಸ್ಟಾರ್ಟರಿನಲ್ಲಿ ಕೂಡಿಸಲೇಬೇಕು.

ದೋಣಿಯ ಚಕ್ರದಿಂದ ಕಲಿಯತಕ್ಕ ಪಾಠ

ಪಂಪಿನ ಚಕ್ರವೂ ಯಂತ್ರದ ದೋಣಿಯನ್ನು ತಳ್ಳುವ ಚಕ್ರವೂ ದಾಯಾದಿಗಳು. ಒಂದು ನೀರನ್ನು ಮೇಲಕ್ಕೆ ಎಸೆಯುವದು, ಇನ್ನೊಂದು ಹಿಂದಕ್ಕೆ. ಆದಕಾರಣ ಹಡಗಿನವರು ಪಟ್ಟ ಕಷ್ಟದಿಂದ ನಾವೂ ಕಲಿಯಬಹುದು. ಸಣ್ಣ ದೋಣಿಯ ಯಂತ್ರಗಳಿಗೆ ಸಾಮಾನ್ಯವಾಗಿ ಅಲ್ಯೂಮಿನಿಯಮಿನ ಚಕ್ರವನ್ನೇ ಕೂಡಿಸುವರು. ಅದು ಸ್ಟೀಲಿನಷ್ಟು ಗಟ್ಟಿಯಲ್ಲ. ಆದರೆ ಕಲ್ಲಿಗೆ ತಾಗಿದಾಗ ಅಗ್ಗದ ಚಕ್ರದ ಅಲಗು ಬಾಗಿ, ಒಳಗಿನ ಬೆಲೆಯುಳ್ಳ ಗಿಯರು ಉಳಿಯುವದು. ಸವೆಯತಕ್ಕ ಭಾಗವು ಅಗ್ಗದ್ದೂ ಬದಲಿಸಲು ಸುಲಭವಾದದ್ದೂ ಆಗಿರಬೇಕೆಂಬ ತತ್ವವಿದು. ಪಂಪಿನಲ್ಲಿಯೂ ಚಕ್ರದ ಬಾಯಿಗೆ ಬೇರೆಯಾದ ಉಂಗುರವಿರುವ ಮಾದರಿಯನ್ನೇ ಕೇಳಿ ಕೊಳ್ಳತಕ್ಕದ್ದು. ಸಂದು ಹಿಗ್ಗಿದಾಗ ಉಂಗುರವೊಂದನ್ನು ಬದಲಿಸಿದರೆ ಪಂಪು ಮತ್ತೆ ಹೊಸದರಂತಾಗುವದು.

ಎರಡನೆಯ ಪಾಠ: ಬೇರೆ ಬೇರೆ ಲೋಹಗಳು ಒಂದೇ ನೀರಿನಲ್ಲಿ ತಾಗಿಕೊಂಡಿದ್ದರೆ ಕೀಳು ಲೋಹವು ಮೇಲಿನದಕ್ಕಾಗಿ ಕರಗುವದು. ಸಮುದ್ರದ ದೋಣಿಗಳಲ್ಲಿ ಇದಕ್ಕಾಗಿಯೇ ಸತುವಿನ ತುಂಡೊಂದನ್ನು ಬಲಿಗೊಟ್ಟಂತೆ ಕಟ್ಟಿರುವರು. ಸವಳು ನೀರಿನ ಪಂಪಿಗೆ ಸ್ಟೀಲಿನ ಚಕ್ರವನ್ನು ಹಾಕಿ, ಹೊರಗಿನ ಬೌಲನ್ನು ಬೀಡಿನದ್ದೇ ಇಟ್ಟರೆ ಚಕ್ರ ಉಳಿದು ಬೌಲು ತೂತಾಗುವದು. ಚಕ್ರವನ್ನು ಬದಲಿಸುವವನು ಸುತ್ತಲಿನ ಲೋಹವನ್ನೂ ವಿಚಾರಿಸಬೇಕು.

ಮೂರನೆಯದು ಗುಳ್ಳೆಗಳ ಪೆಟ್ಟು. 1894ರಲ್ಲಿ ಇಂಗ್ಲಂಡದ ಚಾರ್ಲ್ಸ್ ಪಾರ್ಸನ್ಸ್ ಎಂಬವರು ‘ಟರ್ಬಿನಿಯಾ’ ಎಂಬ ವೇಗದ ನೌಕೆಯನ್ನು ನೀರಿಗಿಳಿಸಿದಾಗ ಅದು ಎಣಿಸಿದಷ್ಟು ವೇಗವಾಗಿ ಓಡಲಿಲ್ಲ. ಚಕ್ರವು ಅತಿ ವೇಗದಿಂದ ತಿರುಗುವಾಗ ಹಿಂದೆ ನೀರಿನ ಒತ್ತಡವು ಕುಸಿದು ಆವಿಯ ಗುಳ್ಳೆಗಳು ಏಳುವವೆಂದು ಅವರು ಗಾಜಿನ ಕಿಟಕಿಯ ತೊಟ್ಟಿಯಲ್ಲಿ ಕಂಡುಕೊಂಡು, ಮೂರು ಅಚ್ಚುಗಳಿಗೆ ಒಂಬತ್ತು ಚಕ್ರಗಳನ್ನು ಹಂಚಿ ತೊಂದರೆಯನ್ನು ನೀಗಿದರು. ಆ ಗುಳ್ಳೆಗಳು ಒಡೆಯುವಾಗ ಲೋಹಕ್ಕೆ ಸುತ್ತಿಗೆಯ ಪೆಟ್ಟು ಬಿದ್ದಂತಾಗಿ ಜೇನು ಕೊರೆದಂಥ ಕುಳಿಗಳಾಗುವವು. ಬಾವಿಯ ದಂಡೆಯ ಮೇಲೆ ಕೂಡಿಸಿದ ಮೊನೊಬ್ಲಾಕ್ ಪಂಪಿಗೂ ಇದೇ ರೋಗ. ನೀರು ಆರು ಮೀಟರಿಗಿಂತ ಕೆಳಗಿದ್ದರೂ, ಹೀರುಕೊಳವೆ ಸಣ್ಣದಿದ್ದರೂ, ಪಂಪಿನೊಳಗೆ ಕಡಿ ಹರಿದಂಥ ಸಪ್ಪಳ ಕೇಳುವದು. ಆಗ ಲೋಹವನ್ನು ಬದಲಿಸುವದರಿಂದ ಪ್ರಯೋಜನವಿಲ್ಲ. ಸ್ಟೀಲೂ ಸ್ವಲ್ಪ ಕಾಲ ತಾಳಿ ಸೋಲುವದು. ಪಂಪನ್ನು ನೀರಿನ ಸಮೀಪಕ್ಕೆ ಇಳಿಸುವದೇ ಮದ್ದು.

ನಮ್ಮ ತಾಲೂಕುಗಳಿಗೆ ನನ್ನ ಸಲಹೆ

ತಿಕೋಟಾದ ಆಳವಾದ ಕೊಳವೆಬಾವಿಗಳಲ್ಲಿ, ನೀರು ಮಿತಿಯೊಳಗಿದ್ದು ಉಸುಕಿಲ್ಲದಿದ್ದರೆ, ಒಳ್ಳೆಯ ಪ್ಲಾಸ್ಟಿಕ್ ಚಕ್ರಕ್ಕೆ ಸ್ಟೀಲಿನ ಉಂಗುರವಿರುವದು, ಇಲ್ಲವೆ 304ರದು ಯೋಗ್ಯ. ಹೊಸ ಬೋರಿನಲ್ಲಿ ಕಲ್ಲಿನ ಹಿಟ್ಟು ಪೂರ್ಣವಾಗಿ ಹೊರಬೀಳುವವರೆಗೆ ತೊಳೆಯದೆ ಯಾವ ಪಂಪನ್ನೂ ಇಳಿಸಬಾರದು.

ಬಬಲೇಶ್ವರದ ಕಡೆಗೆ ಕಾಲುವೆಯಿಂದಲೂ, ಮಮದಾಪುರದಂಥ ಕೆರೆಗಳಿಂದಲೂ ನೀರೆತ್ತುವವರಿಗೆ ಸಿಹಿನೀರು ದೊರೆಯುವದು, ಆದರೆ ಹೊಸ ನೀರಿನೊಡನೆ ಹೂಳು ಬರುವದು. ಇವರಿಗೆ ಗನ್‌ಮೆಟಲಿನ ಚಕ್ರವುಳ್ಳ ಮೊನೊಬ್ಲಾಕ್ ಸಾಕು. ಬೀಡಾದರೂ ನಡೆದೀತು, ಹದಿನೈದು ದಿನಕ್ಕೊಮ್ಮೆ ಹತ್ತು ನಿಮಿಷ ತಿರುಗಿಸುತ್ತಿದ್ದರೆ. ಫುಟ್‌ವಾಲ್ವನ್ನು ಕೆರೆಯ ತಳಕ್ಕೆ ಊರದೆ ಎರಡು ಮೂರು ಅಡಿ ಮೇಲೆ ತೂಗಬಿಡತಕ್ಕದ್ದು. ಹೂಳಿಗೆ ಜಾಳಿಗೆಯೇ ಮೊದಲ ಮದ್ದು, ಲೋಹವು ಎರಡನೆಯದು.

ಡೋಣಿಯ ದಂಡೆಯವರು ಬೀಡನ್ನೂ ಹಿತ್ತಾಳೆಯನ್ನೂ ಬಿಟ್ಟೇಬಿಡಬೇಕು. ಪ್ಲಾಸ್ಟಿಕ್ ಇಲ್ಲವೆ 316, ಬೌಲು ಸಹಿತ. ಇಷ್ಟು ಖರ್ಚು ಮಾಡುವ ಮುಂಚೆ ಆ ನೀರು ಬೆಳೆಗಾದರೂ ಯೋಗ್ಯವೋ ಎಂದು ವಿಚಾರಿಸಿಕೊಳ್ಳುವದು ಒಳಿತು. ಲೋಹವನ್ನು ತಿನ್ನುವ ನೀರು ಎರೆಭೂಮಿಯನ್ನೂ ಕೆಡಿಸುವದು.

ಊರಿನ ಕುಡಿಯುವ ನೀರಿನ ಪಂಪಿನ ವಿಷಯವು ಬೇರೆ. ಗನ್‌ಮೆಟಲಿನಲ್ಲಿ ಐದು ಪಾಲು ಸೀಸವಿರುವದೆಂದು ಮೇಲೆ ಹೇಳಿದೆ. ಹರಿಯುವ ನೀರಿಗೆ ಅದು ಸೇರುವ ಪ್ರಮಾಣ ಅಲ್ಪವಾದರೂ ಸೀಸವು ಮಕ್ಕಳ ಮಿದುಳಿಗೆ ಶತ್ರು. ಅಮೇರಿಕದಲ್ಲಿ 2014ರಿಂದ ಕುಡಿಯುವ ನೀರು ತಾಗುವ ಕೊಳವೆ, ನಲ್ಲಿ ಮೊದಲಾದವುಗಳಲ್ಲಿ ಸೀಸವು ಸರಾಸರಿ ಶೇಕಡಾ ಕಾಲು ಪಾಲನ್ನು ಮೀರಕೂಡದೆಂಬ ಕಾಯಿದೆ ಜಾರಿಗೆ ಬಂದಿದೆ. ನಮ್ಮ ಊರುಗಳಲ್ಲಿಯೂ ಕುಡಿಯುವ ನೀರಿಗೆ ಸ್ಟೀಲಿನ ಚಕ್ರವನ್ನೇ ಹಾಕಿಸತಕ್ಕದ್ದೆಂದು ನನ್ನ ಸ್ಪಷ್ಟ ಅಭಿಮತ. ಇಲ್ಲಿ ಬೆಲೆಯ ಮಾತು ಬರಕೂಡದು.

ಮುಖಂಡರಲ್ಲಿ ಅರಿಕೆ

‘ಬಡ ಒಕ್ಕಲಿಗನು ಇಷ್ಟೆಲ್ಲ ವಿಚಾರಿಸುವದೆಂತು? ಕೈಯಲ್ಲಿದ್ದ ದುಡ್ಡಿಗೆ ಸಿಕ್ಕ ಪಂಪನ್ನು ಕೊಳ್ಳುವನು’ ಎಂದು ಕೆಲವರು ಹೇಳಬಹುದು. ಮಾತು ಸುಳ್ಳಲ್ಲ. ಬೇಸಿಗೆಯ ನಡುವೆ ಪಂಪು ಕೆಟ್ಟವನಿಗೆ ಆರಿಸುವ ವೇಳೆಯೂ ಇರುವದಿಲ್ಲ. ವಿಜಯಪುರದ ಪೇಟೆಯಲ್ಲಿ ಆ ಹೊತ್ತಿಗೆ ಇದ್ದುದನ್ನೇ ತರುವನು. ಆದುದರಿಂದಲೇ ಈ ಭಾರವು ಊರಿನ ಮುಖಂಡರ ಮೇಲೆ ಬೀಳುವದು. ಅವರು ಮೂರು ಕೆಲಸಗಳನ್ನು ಮಾಡಬಹುದು. ಮೊದಲನೆಯದಾಗಿ, ಊರಿನ ಪ್ರತಿಯೊಂದು ಕೊಳವೆಬಾವಿಗೂ ಒಂದು ಪುಟದಂತೆ ಪುಸ್ತಕವಿಟ್ಟು, ಆಳ, ನೀರಿನ ಪರೀಕ್ಷೆಯ ಅಂಕಿಗಳು, ಚಕ್ರದ ಲೋಹ, ಇಳಿಸಿದ ತಾರೀಖು, ಮೇಲೆತ್ತಿದ ಕಾರಣ ಇಷ್ಟನ್ನು ಬರೆಯಿಸಬೇಕು. ಐದು ವರ್ಷಗಳಲ್ಲಿ ಆ ಪುಸ್ತಕವೇ ಆ ಊರಿಗೆ ಯಾವ ಲೋಹವು ತಕ್ಕದ್ದೆಂದು ಹೇಳುವದು. ಎರಡನೆಯದಾಗಿ, ಪಂಚಾಯತಿಯೂ ಸಹಕಾರಿ ಸಂಘವೂ ಪಂಪು ಕೊಳ್ಳುವಾಗ ದರಪಟ್ಟಿಯಲ್ಲಿ ಅಶ್ವಶಕ್ತಿಯೊಡನೆ ಚಕ್ರ, ಬೌಲು, ಉಂಗುರ ಇವುಗಳ ಲೋಹವನ್ನು ಅಂಕೆಯ ಸಹಿತ ಬರೆಯಿಸಬೇಕು. ಬರೆದು ಕೊಡದವರಿಂದ ಕೊಳ್ಳಬಾರದು. ಮೂರನೆಯದಾಗಿ, ವರ್ಷಕ್ಕೊಮ್ಮೆ, ಏಪ್ರಿಲಿಗಿಂತ ಮುಂಚೆ, ಅಳತೆಯ ಡ್ರಮ್ಮನ್ನು ಇಟ್ಟು ಎಷ್ಟು ಸೆಕೆಂಡಿಗೆ ತುಂಬುವದೆಂದು ನೋಡಿಕೊಳ್ಳುವ ರೂಢಿಯನ್ನು ಊರಲ್ಲಿ ಹಾಕಬೇಕು. ನೀರಿನ ಮಟ್ಟವು ಹೋದ ವರ್ಷದಷ್ಟೇ ಇದ್ದು ಡ್ರಮ್ಮು ತುಂಬಲು ತಡವಾದರೆ, ನೀರು ಕಡಿಮೆಯಾಯಿತೆಂದು ಇನ್ನೊಂದು ಬೋರು ಕೊರೆಯಿಸುವ ಅವಸರ ಬೇಡ. ಮೊದಲು ಚಕ್ರವನ್ನು ನೋಡಿರಿ.

ಬೋರಿನ ಮೇಲೆ ಬೋರು ಕೊರೆಯಿಸಿ ಸಾಲಗಾರರಾದ ಮನೆತನಗಳು ನಮ್ಮಲ್ಲಿ ಎಷ್ಟೋ ಇವೆ. ಅವುಗಳಲ್ಲಿ ಕೆಲವಾದರೂ ನೆಲದೊಳಗೆ ನೀರಿದ್ದೂ ಸವೆದ ಚಕ್ರದ ದೆಸೆಯಿಂದ ಬತ್ತಿತೆಂದು ಭ್ರಮಿಸಿದವುಗಳಾಗಿರಬಹುದು. ಹೊಸ ಬೋರಿಗೆ ದುಡ್ಡು ಕೂಡಿಸುವ ಮುಂಚೆ ಹಳೆಯದನ್ನು ಎತ್ತಿಸಿ ನೋಡುವ ವಿವೇಕವನ್ನು ಊರ ಹಿರಿಯರು ತಮ್ಮ ಜನಕ್ಕೆ ಕಲಿಸಬೇಕೆಂದು ವಿನಂತಿ.